ಬಾವಿ ನೀರಿನ ಈಜುಕೊಳ: ಕ್ಲೋರಿನ್‌ಗಿಂತ ಮೊದಲು ಅಡುಗೆ ಸೋಡಾ

ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದ ಬಾವಿ ನೀರು ಕುಡಿಯಲು ಸಿಹಿ. ಬೇಳೆ ಬೇಗ ಬೇಯುತ್ತದೆ, ಸಾಬೂನು ಧಾರಾಳ ನೊರೆ ಕೊಡುತ್ತದೆ. ಅದೇ ನೀರನ್ನು ಅಂಗಳದ ಈಜುಕೊಳಕ್ಕೆ ತುಂಬಿಸಿ ಹಾಗೇ ಬಿಟ್ಟರೆ ಟೈಲ್ಸ್ ನಡುವಿನ ಗ್ರೌಟ್ ಮೆಲ್ಲಮೆಲ್ಲನೆ ಮರಳಾಗಿ ಉದುರುತ್ತದೆ, ಏಣಿಯ ಸ್ಟೀಲಿನಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ, ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಇವತ್ತು ಒಂದು ಕಡೆ ಇದ್ದರೆ ನಾಳೆ ಇನ್ನೊಂದು ಕಡೆ.

ಕಾರಣ ನೆಲದಲ್ಲೇ ಇದೆ. ನಮ್ಮ ಕರಾವಳಿಯ ಕೆಂಪು ಕಲ್ಲಿನಲ್ಲಿದ್ದ ಸುಣ್ಣದ ಅಂಶವನ್ನು ಮಳೆ ಎಂದೋ ತೊಳೆದುಬಿಟ್ಟಿದೆ, ಉಳಿದಿರುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹಾಗಾಗಿ ಆ ಕಲ್ಲಿನ ಮೂಲಕ ಇಳಿದ ನೀರು ಮೆದು. ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಬೆರೆತು ಸ್ವಲ್ಪ ಹುಳಿ ಕೂಡ. ಪಿಎಚ್ 6ರ ಆಸುಪಾಸು, ಒಟ್ಟು ಕ್ಷಾರೀಯತೆ 20-30 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಇರುವ ಬಾವಿಗಳು ಇಲ್ಲಿ ಸಾಮಾನ್ಯ. ಘಟ್ಟದ ಮೇಲಿನ ಬೋರ್‌ವೆಲ್‌ಗಳ ಗಡಸು ನೀರಿಗೆ ಹೊಂದುವ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಅಲ್ಲಿ ಪಿಎಚ್ ಏರದಂತೆ ಆಸಿಡ್ ಹಾಕುತ್ತಾ ಇರಬೇಕು, ಇಲ್ಲಿ ಬೀಳದಂತೆ ಎತ್ತಿ ಹಿಡಿಯಬೇಕು.

ಮೊದಲು ಲೀಟರ್ ಲೆಕ್ಕ

ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಗೊತ್ತಿಲ್ಲದೆ ಹಾಕುವ ಪ್ರತಿ ಚಮಚವೂ ಅಂದಾಜಿನದ್ದೇ. ಮೀಟರಿನಲ್ಲಿ ಉದ್ದ, ಅಗಲ, ಸರಾಸರಿ ಆಳ ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿ. ಮೇಸ್ತ್ರಿ ಅಡಿ ಲೆಕ್ಕ ಕೊಟ್ಟಿದ್ದರೆ ಘನ ಅಡಿಯನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ದುಂಡಗಿನ ಕೊಳವಾದರೆ ಮೀಟರಿನಲ್ಲಿ ವ್ಯಾಸ × ವ್ಯಾಸ × ಆಳ × 0.785, ಬಂದದ್ದನ್ನು ಸಾವಿರದಿಂದ ಗುಣಿಸಿ. ಒಂದು ಕಡೆ 1 ಮೀಟರ್, ಇನ್ನೊಂದು ಕಡೆ 1.5 ಮೀಟರ್ ಆಳ ಇದ್ದರೆ ಸರಾಸರಿ 1.25.

ಮುಂದಿನ ಲೆಕ್ಕಗಳೆಲ್ಲ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ, ಅಂದರೆ 40,000 ಲೀಟರಿನ ಕೊಳಕ್ಕೆ. ಇದರಲ್ಲಿ 1 ಪಿಪಿಎಂ ಎಂದರೆ 40 ಗ್ರಾಂ. ನಿಮ್ಮದು 20,000 ಲೀಟರ್ ಆದರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ.

ತುಂಬಿಸುವ ಮುಂಚೆ ಬಕೆಟ್ ಪರೀಕ್ಷೆ

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಕಬ್ಬಿಣದ ಅನುಮಾನ ಇಟ್ಟುಕೊಂಡೇ ಶುರು ಮಾಡಿ. ಹತ್ತು ಲೀಟರಿನ ಬಿಳಿ ಬಕೆಟ್‌ನಲ್ಲಿ ಆ ನೀರು ಹಿಡಿದು, ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಚಮಚ ಲಿಕ್ವಿಡ್ ಕ್ಲೋರಿನ್ ಹಾಕಿ ಕದಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ತಿಳಿಯಾಗಿಯೇ ಇದ್ದರೆ ಒಳ್ಳೆಯದು. ಕಣ್ಣ ಚಹಾದ (ಹಾಲಿಲ್ಲದ ಚಹಾ) ಬಣ್ಣ ಬಂದು, ತಳದಲ್ಲಿ ಬೆರಳಿಗೆ ನುಣ್ಣಗೆ ತಾಗುವ ಕಂದು ಕೆಸರು ಕೂತಿದ್ದರೆ ಕಬ್ಬಿಣ ಇದೆ. ಈ ನೀರನ್ನು ನೇರ ಕೊಳಕ್ಕೆ ಬಿಟ್ಟು ಕ್ಲೋರಿನ್ ಸುರಿದರೆ ಇಡೀ ಕೊಳ ಅದೇ ಬಣ್ಣಕ್ಕೆ ತಿರುಗುತ್ತದೆ. ಬದಲಿಗೆ, ಟ್ಯಾಂಕಿಗೆ ಮೇಲಿನಿಂದ ಚಿಮುಕಿಸುವಂತೆ ಬಿಟ್ಟು, ಸ್ವಲ್ಪ ಕ್ಲೋರಿನ್ ಹಾಕಿ, ಒಂದು ದಿನ ಕೆಸರು ಕೂರಲು ಬಿಟ್ಟು, ತಳದ ಒಂದು ಗೇಣು ನೀರು ಬಿಟ್ಟು ಉಳಿದದ್ದನ್ನು ಬಳಸಿ.

ಟೈಲ್ಸ್ ಮೇಲೆ ಈಗಾಗಲೇ ಕಂದು ಕಲೆ ಇದ್ದರೆ ಒಂದು ವಿಟಮಿನ್ ಸಿ ಮಾತ್ರೆಯನ್ನು ಅದರ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆ ಜಾಗ ಬೆಳ್ಳಗಾದರೆ ಅದು ಕಬ್ಬಿಣದ್ದು. ಏನೂ ಆಗದಿದ್ದರೆ ಎಲೆಯ ಕಲೆ ಇದ್ದೀತು, ಅದಕ್ಕೆ ಕ್ಲೋರಿನ್ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ನದಿ ಬಾಯಿಯ, ಕಡಲ ಬದಿಯ ಬಾವಿಗಳಲ್ಲಿ ಉಪ್ಪು ಏರುತ್ತದೆ. ನಾಲಿಗೆಗೆ ಉಪ್ಪು ತಾಗುವ ನೀರು ಸ್ಟೀಲ್ ಏಣಿಗೆ, ಪಂಪಿನ ಶಾಫ್ಟ್‌ಗೆ ಕೇಡು. ಅಂಥ ಮನೆಯವರು ಮಳೆ ಬಿಟ್ಟ ಹೊಸತರಲ್ಲೇ ಕೊಳ ತುಂಬಿಸಿಕೊಳ್ಳುವುದು ವಾಸಿ.

ಪರೀಕ್ಷೆಯ ಕಿಟ್

ಹಳದಿ ಬಣ್ಣ ಬರುವ ಅಗ್ಗದ ಒಟಿಒ ಕಿಟ್ ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಬೆವರಿನ ಜೊತೆ ಸೇರಿ ನಿರ್ಜೀವವಾದ ಕ್ಲೋರಿನ್ ಕೂಡ ಅದರಲ್ಲಿ ಹಳದಿಯೇ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಕೊಳ್ಳಿ. ಮುಕ್ತ ಕ್ಲೋರಿನ್ ಎಷ್ಟು, ಕಟ್ಟುಬಿದ್ದ ಕ್ಲೋರಿನ್ ಎಷ್ಟು ಎಂದು ಅದು ಬೇರೆ ಬೇರೆ ಹೇಳುತ್ತದೆ. ಪಿಎಚ್, ಕ್ಷಾರೀಯತೆ, ಕ್ಯಾಲ್ಸಿಯಂ, ಸ್ಟೆಬಿಲೈಸರ್ (ಬಿಸಿಲಿಗೆ ಕ್ಲೋರಿನ್ ಹಾರದಂತೆ ಕಾಯುವ ಪದಾರ್ಥ) ನಾಲ್ಕನ್ನೂ ಅಳೆಯುವ ಕಿಟ್ ಆದರೆ ಒಂದೇ ಸಲಕ್ಕೆ ಮುಗಿಯಿತು.

ಫಿಲ್ಟರಿನಿಂದ ಕೊಳಕ್ಕೆ ನೀರು ಬರುವ ಬಾಯಿಯಿಂದ ದೂರ, ಮೊಣಕೈ ಮುಳುಗುವಷ್ಟು ಆಳದಿಂದ ಮಾದರಿ ತೆಗೆಯಿರಿ. ಮೇಲ್ಪದರದ ನೀರು ಬಿಸಿಲಿಗೂ ಮಳೆಗೂ ಸಿಕ್ಕಿರುತ್ತದೆ, ಅದರ ಮಾತು ನಂಬುವಂತಿಲ್ಲ. ಎರಡು ಮೋಸಗಳನ್ನು ನೆನಪಿಡಿ. ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಡಿಪಿಡಿ ಹಾಕಿದ ಕ್ಷಣ ಗುಲಾಬಿ ಮಿಂಚಿ ಮಾಯವಾಗಿ ನಳಿಕೆ ನೀರಿನಂತೆ ಆಗುತ್ತದೆ. ಅದನ್ನು ಸೊನ್ನೆ ಎಂದು ಓದಿ ಇನ್ನಷ್ಟು ಸುರಿಯುವವರಿದ್ದಾರೆ. ಮಾದರಿಗೆ ಮೂರು ಪಾಲು ಕುಡಿಯುವ ನೀರು ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ನಿಜ ತಿಳಿಯುತ್ತದೆ. ಹಾಗೆಯೇ ಕ್ಲೋರಿನ್ 10 ಪಿಪಿಎಂ ದಾಟಿದಾಗ ಪಿಎಚ್‌ನ ಕೆಂಪು ದ್ರವ ನೇರಳೆಗೆ ತಿರುಗುತ್ತದೆ. ಅದು ಪಿಎಚ್ ಏರಿದ ಗುರುತಲ್ಲ. ಆಗ ಆಸಿಡ್ ಬಾಟಲಿಗೆ ಕೈ ಹಾಕಬೇಡಿ.

ಹಾಕುವ ಅನುಕ್ರಮ

ಇಡೀ ಕೆಲಸದ ಅಡಿಪಾಯ ಕ್ಷಾರೀಯತೆ. ಹುಳಿ ಬಿದ್ದರೆ ತಾನು ಸೆಣಸಿ ಪಿಎಚ್ ಅಲುಗದಂತೆ ನೋಡಿಕೊಳ್ಳುವುದು ಇದೇ. ಇದು 80ರಿಂದ 100 ಪಿಪಿಎಂ ಇರಬೇಕು. 40,000 ಲೀಟರಿಗೆ 10 ಪಿಪಿಎಂ ಏರಿಸಲು 670 ಗ್ರಾಂ ಅಡುಗೆ ಸೋಡಾ ಬೇಕು. ಬಾವಿ ನೀರಿನ 20ರಿಂದ 80ಕ್ಕೆ ತರಲು 4 ಕಿಲೋ. ಸೋಡಿಯಂ ಬೈಕಾರ್ಬನೇಟ್ ಎಂದು ಕೇಳಿದರೆ ಕೆಮಿಕಲ್ ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ, ಬೇಕರಿಯ ಸಣ್ಣ ಪೊಟ್ಟಣ ಕೊಂಡು ದುಡ್ಡು ಕಳೆಯಬೇಡಿ. ಪಂಪ್ ಓಡುತ್ತಿರುವಾಗ ಎರಡು ಕಿಲೋ ಮೇಲಿನಿಂದ ಎರಚಿ, ಮರುದಿನ ಉಳಿದ ಎರಡು ಕಿಲೋ.

ಇಲ್ಲಿ ಒಂದು ದಿನದ ತಾಳ್ಮೆ ಬೇಕು. ಸೋಡಾ ಹಾಕಿದ ಮೇಲೂ ಪಿಎಚ್ 7ಕ್ಕಿಂತ ಕೆಳಗೇ ಕಾಣಬಹುದು, ಏಕೆಂದರೆ ಬಾವಿ ನೀರಿನ ಇಂಗಾಲದ ಡೈಆಕ್ಸೈಡ್ ಇನ್ನೂ ಒಳಗಿದೆ. ನೀರು ಬರುವ ಬಾಯಿಯ ಗುಂಡು ನಳಿಕೆಯನ್ನು ಮೇಲ್ಮುಖ ತಿರುಗಿಸಿ ನೀರಿನ ಮೇಲ್ಮೈ ಕಲಕುವಂತೆ ಮಾಡಿದರೆ ಆ ಅನಿಲ ಹಾರಿಹೋಗಿ ಪಿಎಚ್ ತಾನಾಗಿ 7.4ರ ಕಡೆಗೆ ಏರುತ್ತದೆ. ಎರಡು ದಿನ ಕಳೆದರೂ 7.2 ಮುಟ್ಟದಿದ್ದರೆ ಮಾತ್ರ 300 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬನೇಟ್) ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಹುಯ್ಯಿರಿ, ಮರುದಿನ ಮತ್ತೆ ಅಳೆಯಿರಿ. ಮೊದಲ ದಿನವೇ ಸೋಡಾ ಆಶ್ ಸುರಿದವರ ಕೊಳದಲ್ಲಿ ಮೂರನೇ ದಿನ ಪಿಎಚ್ 8 ದಾಟಿರುತ್ತದೆ.

ಪಿಎಚ್ 7.4ರಿಂದ 7.6ರ ನಡುವೆ ಇರಲಿ. 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಕೀಟಾಣು ಕೊಲ್ಲುವ ಚುರುಕು ರೂಪದಲ್ಲಿರುತ್ತದೆ, 8ರಲ್ಲಿ ಕಾಲು ಭಾಗವೂ ಇರುವುದಿಲ್ಲ. ಹೆಚ್ಚಾದರೆ ಶೇ. 30ರ ಹೈಡ್ರೋಕ್ಲೋರಿಕ್ ಆಸಿಡ್ 300 ಮಿ.ಲೀ. ಸಾಕು, 7.8ರಿಂದ 7.5ರ ಹತ್ತಿರ ಬರುತ್ತದೆ. ಬಕೆಟ್‌ನ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು.

ಆಮೇಲೆ ಕ್ಯಾಲ್ಸಿಯಂ. ಟೈಲ್ಸ್ ಕೊಳಕ್ಕೆ ಕನಿಷ್ಠ 150, ಸಿಮೆಂಟ್ ಪ್ಲಾಸ್ಟರ್ ಕೊಳಕ್ಕೆ 200 ಪಿಪಿಎಂ. ನೀರಿನಲ್ಲಿ ಸುಣ್ಣ ಇಲ್ಲದಿದ್ದರೆ ಅದು ಗ್ರೌಟ್‌ನಿಂದ ಕಿತ್ತುಕೊಳ್ಳುತ್ತದೆ. ಉಗುರಿನಿಂದ ಗೀರಿದಾಗ ಗ್ರೌಟ್ ಪುಡಿಯಾಗಿ ಬಂದರೆ ಆ ಕೆಲಸ ಆಗಲೇ ಶುರುವಾಗಿದೆ. ಚಕ್ಕೆ ರೂಪದ ಕ್ಯಾಲ್ಸಿಯಂ ಕ್ಲೋರೈಡ್ 5.9 ಕಿಲೋ ಹಾಕಿದರೆ 100 ಪಿಪಿಎಂ ಏರುತ್ತದೆ. ಕರಗುವಾಗ ಬಕೆಟ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಒಂದು ಸಲಕ್ಕೆ ಒಂದು ಕಿಲೋ ಮೀರಬೇಡಿ. ಅಡುಗೆ ಸೋಡಾ ಹಾಕಿದ ದಿನವೇ ಇದನ್ನೂ ಹಾಕಿದರೆ ನೀರು ಹಾಲಿನಂತೆ ಕದಡುತ್ತದೆ, ಒಂದು ದಿನ ಬಿಟ್ಟು ಹಾಕಿ.

ಬಿಸಿಲು ಮತ್ತು ಸ್ಟೆಬಿಲೈಸರ್

ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ, ತೆರೆದ ಕೊಳದ ಕ್ಲೋರಿನ್ ಮುಕ್ಕಾಲು ಗಂಟೆಯೊಳಗೆ ಅರ್ಧ ಮಾಯ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಇರುವುದಿಲ್ಲ. ಇದನ್ನು ತಡೆಯುವುದು ಸಯನ್ಯೂರಿಕ್ ಆಸಿಡ್, ಅಂಗಡಿಯವರ ಮಾತಿನಲ್ಲಿ ಸ್ಟೆಬಿಲೈಸರ್. 30ರಿಂದ 40 ಪಿಪಿಎಂ ಸಾಕು, ಅಂದರೆ 1.2ರಿಂದ 1.6 ಕಿಲೋ. ಇದು ಬೇಗ ಕರಗುವ ಪದಾರ್ಥ ಅಲ್ಲ. ಹಳೆಯ ಕಾಲುಚೀಲದಲ್ಲಿ ತುಂಬಿ, ನೀರು ಬರುವ ಬಾಯಿಯ ಎದುರು ಕಟ್ಟಿ ತೂಗುಬಿಟ್ಟು, ಆಗಾಗ ಹಿಂಡುತ್ತಾ ಇರಿ. ಪರೀಕ್ಷೆಯಲ್ಲಿ ಪೂರ್ತಿ ಕಾಣಲು ಒಂದು ವಾರ ಹಿಡಿಯಬಹುದು. ಸ್ಟೆಬಿಲೈಸರ್ ಇದ್ದಷ್ಟೂ ಕ್ಲೋರಿನ್ ನಿಧಾನ, ಅದಕ್ಕೆ ತಕ್ಕ ಹಾಗೆ ಕ್ಲೋರಿನ್ ಪ್ರಮಾಣವೂ ಏರಬೇಕು. 40 ಇದ್ದರೆ ಮುಕ್ತ ಕ್ಲೋರಿನ್ 3ಕ್ಕಿಂತ ಕೆಳಗಿಳಿಯಬಾರದು, ಸಂಜೆ 4-5ಕ್ಕೆ ಏರಿಸಿಟ್ಟರೆ ಮರುದಿನದ ಬಿಸಿಲು ತಡೆದೀತು.

ಯಾವ ಕ್ಲೋರಿನ್

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು 200 ಗ್ರಾಂನ ಟಿಸಿಸಿಎ ಬಿಲ್ಲೆ. ತೇಲುಬುಟ್ಟಿಯಲ್ಲಿ ಹಾಕಿ ಮರೆತುಬಿಡಬಹುದು, ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ನಮ್ಮ ನೀರಿಗೆ ಅದು ದಿನಬಳಕೆಗೆ ಹೊಂದುವುದಿಲ್ಲ. ಬಿಲ್ಲೆಯೇ ಹುಳಿ, ನೀರು ಮೊದಲೇ ಮೆದು, ಕ್ಷಾರೀಯತೆಯನ್ನು ದಿನದಿನ ತಿಂದು ಪಿಎಚ್ ಕೆಡವುತ್ತದೆ. ಒಂದು ಬಿಲ್ಲೆ 4.5 ಪಿಪಿಎಂ ಕ್ಲೋರಿನ್ ಕೊಡುವಾಗ ಜೊತೆಗೆ ಸುಮಾರು 2.8 ಪಿಪಿಎಂ ಸ್ಟೆಬಿಲೈಸರ್ ಕೂಡ ಬಿಟ್ಟುಹೋಗುತ್ತದೆ. ಕ್ಲೋರಿನ್ ಹಾರಿಹೋಗುತ್ತದೆ, ಸ್ಟೆಬಿಲೈಸರ್ ಉಳಿಯುತ್ತದೆ. ದಿನಕ್ಕೊಂದರಂತೆ ಬೇಸಗೆಯ ಒಂದು ತಿಂಗಳಲ್ಲಿ ಅದು 80 ದಾಟುತ್ತದೆ. ಆಮೇಲೆ ಕಿಟ್‌ನಲ್ಲಿ ಕ್ಲೋರಿನ್ 3 ತೋರಿಸುತ್ತಿರುವಾಗಲೇ ಗೋಡೆಯಲ್ಲಿ ಪಾಚಿ ಹಿಡಿಯುತ್ತದೆ, ಅರ್ಧ ನೀರು ಬದಲಿಸದೆ ದಾರಿ ಇಲ್ಲ. ಮದುವೆ, ಪೂಜೆ ಎಂದು ಎರಡು ಮೂರು ದಿನ ಮನೆ ಬಿಡುವಾಗ ಒಂದು ಬಿಲ್ಲೆ ಇಡಿ, ಅಷ್ಟಕ್ಕೆ ಒಳ್ಳೆಯದು.

ಇಲ್ಲಿಗೆ ಹೇಳಿ ಮಾಡಿಸಿದಂತಿರುವುದು ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. ಗಡಸು ನೀರಿನ ಊರಿನವರು ಇದರ ಸುಣ್ಣಕ್ಕೆ ಹೆದರುತ್ತಾರೆ, ನಮಗೆ ಆ ಸುಣ್ಣವೇ ಬೇಕಾದದ್ದು. 62 ಗ್ರಾಂಗೆ 1 ಪಿಪಿಎಂ. ಸಂಜೆ, ಬಕೆಟ್‌ನಲ್ಲಿ ಮೊದಲು ನೀರು, ಮೇಲೆ ಹರಳು. ಕದಡಿ ಕಾಲು ಗಂಟೆ ಬಿಟ್ಟು ತಿಳಿಯನ್ನು ಮಾತ್ರ ಹುಯ್ದು ತಳದ ಗಸಿ ಬಿಡಿ. ಶೇ. 10ರ ಲಿಕ್ವಿಡ್ ಕ್ಲೋರಿನ್ ಆದರೆ 400 ಮಿ.ಲೀ.ಗೆ 1 ಪಿಪಿಎಂ. ಸುಲಭ, ಆದರೆ ನಮ್ಮ ಸೆಕೆಯಲ್ಲಿ ವಾರವಾರಕ್ಕೂ ಬಲ ಕಳೆದುಕೊಳ್ಳುತ್ತದೆ, ಎರಡು ವಾರಕ್ಕೆ ಬೇಕಾದಷ್ಟೇ ತನ್ನಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ತುರ್ತಿಗೆ ಆದೀತು. ಹೊಸತಾಗಿದ್ದರೆ 133 ಗ್ರಾಂಗೆ 1 ಪಿಪಿಎಂ. ಮಳೆಗಾಲದ ಥಂಡಿಗೆ ಗಟ್ಟಿ ಕಟ್ಟಿದ್ದರೆ ಅದರಲ್ಲಿ ಸುಣ್ಣ ಉಳಿದಿದೆ, ಕ್ಲೋರಿನ್ ಇಲ್ಲ ಎಂದೇ ತಿಳಿಯಿರಿ.

ಬಿಲ್ಲೆಯನ್ನೂ ಹರಳನ್ನೂ ಒಂದೇ ಡಬ್ಬಿ, ಒಂದೇ ಚಮಚ, ಒಂದೇ ಬಕೆಟ್‌ಗೆ ತಾಗಿಸಬೇಡಿ. ಎರಡೂ ಕ್ಲೋರಿನ್ನೇ ಅಲ್ಲವೇ ಎನ್ನುವಂತಿಲ್ಲ, ಒದ್ದೆಯಲ್ಲಿ ಸೇರಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಆಸಿಡ್ ಯಾವ ಕ್ಲೋರಿನ್ ಜೊತೆ ಸೇರಿದರೂ ಉಸಿರು ಕಟ್ಟಿಸುವ ವಿಷ ಅನಿಲ ಹೊರಡುತ್ತದೆ. ಆಸಿಡ್ ಒಂದು ಶೆಡ್‌ನಲ್ಲಿ, ಕ್ಲೋರಿನ್ ಇನ್ನೊಂದರಲ್ಲಿ ಇರಲಿ, ಎರಡೂ ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗೆ.

ಎಣ್ಣೆ, ಹಸಿರು ಮತ್ತು ಮೈಲುತುತ್ತು

ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ನೇರ ನೀರಿಗೆ ಹಾರುವ ನಾಲ್ಕು ಮಕ್ಕಳು ಒಂದು ದಿನದ ಕ್ಲೋರಿನ್ ತಿಂದುಬಿಡುತ್ತಾರೆ. ನೀರಿನ ಮಟ್ಟದ ಟೈಲ್ಸ್ ಮೇಲೆ ಬೆರಳು ಎಳೆದರೆ ಜಿಡ್ಡಿನ ಬೂದು ಗೆರೆ ಬರುತ್ತದಲ್ಲ, ಅದು ಇದೇ. ಸ್ಯಾಂಡ್ ಫಿಲ್ಟರಿನ ಮರಳು ಕೂಡ ಮುದ್ದೆ ಕಟ್ಟುತ್ತದೆ. ಇಳಿಯುವ ಮುಂಚೆ ಸಾಬೂನಿನ ಸ್ನಾನ ಮನೆಯ ನಿಯಮವಾಗಲಿ. ಗೆರೆಯನ್ನು ಅಡುಗೆ ಸೋಡಾ ಒದ್ದೆ ಮಾಡಿ ಉಜ್ಜಿ ತೆಗೆಯಿರಿ, ಪಾತ್ರೆ ತೊಳೆಯುವ ಸೋಪು ಬೇಡ, ನೊರೆ ಏಳುತ್ತದೆ. ‘ಕ್ಲೋರಿನ್ ವಾಸನೆ’ ಮೂಗಿಗೆ ಹೊಡೆದು ಕಣ್ಣುರಿ ಬಂದರೆ ಕ್ಲೋರಿನ್ ಸಾಲದೆ ಬಂದಿದೆ ಎಂದರ್ಥ. ಬೆವರು, ಮೂತ್ರದ ಜೊತೆ ಕಟ್ಟುಬಿದ್ದ ಕ್ಲೋರಿನ್‌ನ ವಾಸನೆ ಅದು. ಆ ಕಟ್ಟುಬಿದ್ದ ಕ್ಲೋರಿನ್ 0.5 ಪಿಪಿಎಂ ದಾಟಿದರೆ ಶಾಕ್ ಡೋಸ್, ಅಂದರೆ ಒಮ್ಮೆಗೇ ದೊಡ್ಡ ಪ್ರಮಾಣದ ಕ್ಲೋರಿನ್, ಕೊಡಿ.

ನೀರು ಹಸಿರಾದರೂ ಅದೇ ಮದ್ದು. ಮೊದಲು ಪಿಎಚ್ 7.2ಕ್ಕೆ ತನ್ನಿ. ಆಮೇಲೆ ಸ್ಟೆಬಿಲೈಸರ್‌ನ ಶೇ. 40ರಷ್ಟು ಮುಕ್ತ ಕ್ಲೋರಿನ್, ಅಂದರೆ 40 ಇದ್ದರೆ 16 ಪಿಪಿಎಂ, ಅದಕ್ಕೆ ಸುಮಾರು 1 ಕಿಲೋ ಹರಳು. ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ ಎಲ್ಲ ಬ್ರಷ್‌ನಿಂದ ತಿಕ್ಕಿ. ಒಂದು ಸಲ ಹಾಕಿ ಬಿಟ್ಟರೆ ಸಾಲದು, ದಿನಕ್ಕೆರಡು ಸಲ ಅಳೆದು ಅದೇ ಮಟ್ಟದಲ್ಲಿ ಹಿಡಿದಿಡಬೇಕು. ಹಸಿರು ಮೊದಲು ಬೂದಿ ಬಣ್ಣಕ್ಕೆ ತಿರುಗಿ ಆಮೇಲೆ ತಿಳಿಯಾಗುತ್ತದೆ. ಮುಗಿಯಿತೇ ಎಂದು ತಿಳಿಯಲು ಸೂರ್ಯ ಮುಳುಗಿದ ಮೇಲೆ ಒಮ್ಮೆ, ಹುಟ್ಟುವ ಮುಂಚೆ ಒಮ್ಮೆ ಅಳೆಯಿರಿ. ರಾತ್ರಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಪಾಚಿ ಇನ್ನೂ ಜೀವಂತ. ಕ್ಲೋರಿನ್ 5ಕ್ಕೆ ಇಳಿದು, ಅತಿ ಆಳದ ತಳದ ಜಾಲರಿ ಮೇಲಿನಿಂದ ಸ್ಪಷ್ಟ ಕಾಣುವ ತನಕ ಯಾರೂ ಇಳಿಯಬಾರದು.

ಅಡಿಕೆ ತೋಟದ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಇರುತ್ತದೆ, ಒಂದು ಹಿಡಿ ಕೊಳಕ್ಕೂ ಹಾಕಿದರೆ ಪಾಚಿ ಸಾಯುತ್ತದೆ ಎಂಬ ಸಲಹೆ ಬಂದೇ ಬರುತ್ತದೆ. ಪಾಚಿ ಸಾಯುವುದು ನಿಜ. ಆದರೆ 100 ಗ್ರಾಂ ಮೈಲುತುತ್ತಿನಲ್ಲಿ 25 ಗ್ರಾಂ ತಾಮ್ರ ಇದೆ, 40,000 ಲೀಟರಿನಲ್ಲಿ ಅದು 0.6 ಪಿಪಿಎಂ ಮೀರುತ್ತದೆ. ಪಿಎಚ್ ಸ್ವಲ್ಪ ಏರಿದರೂ ಗ್ರೌಟ್ ಮೇಲೆ ಹಸಿರು, ಕಪ್ಪು ಕಲೆಯಾಗಿ ಕೂರುತ್ತದೆ, ಹಿರಿಯರ ಬಿಳಿ ಕೂದಲಿಗೂ ಹಸಿರು ಛಾಯೆ ಬರುತ್ತದೆ. ಕ್ಲೋರಿನ್‌ನಂತೆ ಅದು ಹಾರಿಹೋಗುವ ವಸ್ತುವೂ ಅಲ್ಲ. ಬೇಡ.

ಪತ್ತನಾಜೆಯಿಂದ (ಮೇ ಕೊನೆ) ಸೋಣದವರೆಗೆ (ಆಗಸ್ಟ್-ಸೆಪ್ಟೆಂಬರ್)

ಇಲ್ಲಿ ವರ್ಷಕ್ಕೆ 3,500ರಿಂದ 4,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 32 ಚದರ ಮೀಟರಿನ ಕೊಳಕ್ಕೆ 1 ಮಿ.ಮೀ. ಮಳೆ ಎಂದರೆ 32 ಲೀಟರ್. ವರ್ಷದ ಲೆಕ್ಕ ಹಾಕಿದರೆ ಲಕ್ಷ ಲೀಟರ್ ದಾಟುತ್ತದೆ, ಕೊಳ ಎರಡೂವರೆ ಸಲಕ್ಕಿಂತ ಹೆಚ್ಚು ತುಂಬಿ ಹರಿದಂತೆ. ಮಳೆ ನೀರಿನಲ್ಲಿ ಕ್ಷಾರ, ಸುಣ್ಣ, ಸ್ಟೆಬಿಲೈಸರ್ ಯಾವುದೂ ಇಲ್ಲ. ಮೇ ತಿಂಗಳಲ್ಲಿ ಕಷ್ಟಪಟ್ಟು ಸರಿಮಾಡಿದ್ದೆಲ್ಲ ಸೋಣ ಮುಗಿಯುವಾಗ ಬಹುತೇಕ ತೋಡು ಸೇರಿರುತ್ತದೆ.

ಅಂಗಳದಲ್ಲಿ, ಮರದ ಹನಿ ಬೀಳದ ಕಡೆ, ನೇರ ಗೋಡೆಯ ಪಾತ್ರೆ ಒಂದನ್ನು ಇಡಿ. ಅದರಲ್ಲಿ 10 ಸೆಂ.ಮೀ. ನೀರು ನಿಂತಿತೆಂದರೆ 100 ಮಿ.ಮೀ. ಮಳೆ, ಕೊಳದಿಂದ ಶೇ. 8ರಷ್ಟು ಹಳೆ ನೀರು ಹೋಗಿದೆ. ಪ್ರತಿ 100 ಮಿ.ಮೀ.ಗೆ 430 ಗ್ರಾಂ ಅಡುಗೆ ಸೋಡಾ ಹಾಕುತ್ತಾ ಹೋದರೆ ಆಟಿಯ (ಜುಲೈ-ಆಗಸ್ಟ್) ಜಡಿಮಳೆಯಲ್ಲೂ ಪಿಎಚ್ ಬೀಳುವುದಿಲ್ಲ. ಕ್ಯಾಲ್ಸಿಯಂ ತಿಂಗಳಿಗೊಮ್ಮೆ ನೋಡಿ. ಸ್ಟೆಬಿಲೈಸರ್ ಮಾತ್ರ ಈಗ ಹಾಕಬೇಡಿ, ಬಿಸಿಲೇ ಇಲ್ಲ, ಹಾಕಿದ್ದೂ ಹರಿದುಹೋಗುತ್ತದೆ. ಅದು ಇಳಿದಂತೆ ಕ್ಲೋರಿನ್ ಕೂಡ 1-2 ಪಿಪಿಎಂ ಸಾಕು. ಅಕ್ಟೋಬರ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಅಳೆದು ಮತ್ತೆ ಕಟ್ಟಿ.

ಕೊಳದ ಅಂಚು ಅಂಗಳಕ್ಕಿಂತ ನಾಲ್ಕು ಬೆರಳಾದರೂ ಎತ್ತರ ಇರದಿದ್ದರೆ ಕೆಂಪು ಮಣ್ಣಿನ ನೀರು ಒಳಗೆ ಬರುತ್ತದೆ. ಆ ಮಣ್ಣು ಮರಳಿನ ಫಿಲ್ಟರಿನಲ್ಲಿ ನಿಲ್ಲದಷ್ಟು ನುಣುಪು. ಕ್ಷಾರೀಯತೆ 80 ಇದೆ ಎಂದು ಖಾತ್ರಿ ಮಾಡಿಕೊಂಡು 600 ಗ್ರಾಂ ಆಲಂ, ಅಂದರೆ ಪಟಿಕದ ಪುಡಿ, ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಹುಯ್ಯಿರಿ. ಫಿಲ್ಟರಿನ ವಾಲ್ವನ್ನು, ನೀರು ಮರಳು ದಾಟದೆ ತಿರುಗುವ ರೀಸರ್ಕ್ಯುಲೇಟ್‌ನಲ್ಲಿಟ್ಟು ಒಂದು ಗಂಟೆ ಓಡಿಸಿ ಪಂಪ್ ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕೆಂಪು ಚಾದರ ಹಾಸಿದಂತೆ ಕೂತಿರುತ್ತದೆ. ವಾಲ್ವನ್ನು ನೀರು ಹೊರಗೆ ಹೋಗುವ ವೇಸ್ಟ್‌ಗೆ ತಿರುಗಿಸಿ, ಕದಡದಂತೆ ನಿಧಾನ ವ್ಯಾಕ್ಯೂಮ್ ಎಳೆಯಿರಿ. ಕ್ಷಾರೀಯತೆ ಇಲ್ಲದ ನೀರಿನಲ್ಲಿ ಆಲಂ ಗಂಟು ಕಟ್ಟುವುದೇ ಇಲ್ಲ, ಇದ್ದ ಪಿಎಚ್ ಕೂಡ ಬೀಳುತ್ತದೆ.

ಗಾಳಿಮಳೆಗೆ ಕರೆಂಟ್ ಹೋಗಿ ಪಂಪ್ ನಿಂತರೆ ದಿನಕ್ಕೊಮ್ಮೆ ಕ್ಲೋರಿನ್ ಹುಯ್ದು ಉದ್ದ ಕೋಲಿನ ಬ್ರಷ್‌ನಿಂದ ನೀರು ಕಲಕಿ, ಬಿದ್ದ ಮಡಲು, ಹಿಂಗಾರ, ಮಾವಿನೆಲೆ ಅಂದಂದೇ ತೆಗೆಯಿರಿ. ಮಲೇರಿಯಾ ಕಂಡ ಊರು ಮಂಗಳೂರು, ಅದನ್ನು ಹರಡುವ ಸೊಳ್ಳೆಗೆ ನಿಂತ ಶುದ್ಧ ನೀರೇ ಬೇಕು. ಕೊಳಕ್ಕೆ ಟಾರ್ಪಾಲು ಹೊದಿಸಿದ್ದರೆ ಅದರ ಗುಳಿಯಲ್ಲಿ ನಿಂತ ನೀರನ್ನೂ ಚೆಲ್ಲಿ.

ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ಫಿಲ್ಟರಿನ ಮರಳು ತೊಳೆಯುವುದು) ಯಾವಾಗ ಎಂದರೆ, ಫಿಲ್ಟರಿನ ಗೇಜ್ ಶುಭ್ರ ಸ್ಥಿತಿಗಿಂತ 0.5 ಬಾರ್ ಏರಿದಾಗ. ಪಂಪ್ ನಿಲ್ಲಿಸಿದ ಮೇಲೆಯೇ ವಾಲ್ವ್ ತಿರುಗಿಸಿ. ವಾಲ್ವ್ ಬದಿಯ ಗಾಜಿನಲ್ಲಿ ನೀರು ತಿಳಿಯಾಗುವ ತನಕ ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್. ಆ ನೀರು ಬಾವಿಕಟ್ಟೆಯ ಕಡೆಗೆ, ತುಳಸಿಕಟ್ಟೆಗೆ, ಮೀನಿರುವ ಕೆರೆ ತೋಡಿಗೆ ಹರಿಯದಂತೆ ಪೈಪ್ ಹಾಕಿ.

ಸಾರಣೆಗೋ ಟೈಲ್ಸ್ ರಿಪೇರಿಗೋ ಕೊಳ ಪೂರ್ತಿ ಖಾಲಿ ಮಾಡುವ ಕೆಲಸವನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಮಳೆಗಾಲದಲ್ಲಿ ಬಾವಿ ಬಾಯಿ ತನಕ ನೀರು ಬರುವ ಜಾಗಗಳಲ್ಲಿ ಕೊಳದ ಸುತ್ತಲ ಮಣ್ಣಿನಲ್ಲೂ ಅಷ್ಟೇ ಎತ್ತರಕ್ಕೆ ನೀರಿರುತ್ತದೆ. ಒಳಗಿನ ಭಾರ ತೆಗೆದರೆ ಹೊರಗಿನ ನೀರು ಇಡೀ ತೊಟ್ಟಿಯನ್ನು ದೋಣಿಯಂತೆ ಮೇಲಕ್ಕೆತ್ತಿ ತಳ ಬಿರಿಯಿಸಬಹುದು. ಬಾವಿಯ ನೀರು ಕೊಳದ ತಳಕ್ಕಿಂತ ಕೆಳಗಿಳಿದಿದೆಯೇ ಎಂದು ಹಗ್ಗ ಬಿಟ್ಟು ಅಳೆದು ನೋಡಿಯೇ ವೇಸ್ಟ್ ವಾಲ್ವ್ ತೆರೆಯಿರಿ.